ಜಿನೇಶನ ನಾಲ್ಕು ಗಡಿಗಳು

ಹೊಸನಗರದ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ನಡೆದರೆ ಎಡಗಡೆ ಒಂದು ಪಾತ್ರೆ ಅಂಗಡಿ ಸಿಗುತ್ತದೆ. ಅದರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರುವ ಆರಡಿ ಎರಡಂಗುಲದ ಮನುಷ್ಯನೇ ಜಿನೇಶ. ತಲೆ ತಗ್ಗಿಸುವುದು ವಿನಯದಿಂದಲ್ಲ, ಮೇಲಿನ ಚೌಕಟ್ಟು ಹಣೆಗೆ ಬಡಿಯುತ್ತದೆ ಎಂದು. ಅಂಗಡಿ ಕಟ್ಟಿಸಿದ ಅವನ ತಂದೆ ಶಾಂತರಾಜರದು ಐದಡಿ ನಾಲ್ಕಂಗುಲ. ಮಗ ಇಷ್ಟುದ್ದ ಬೆಳೆಯುತ್ತಾನೆಂದು ಆಗ ಅವರಿಗೆ ಯಾರು ಹೇಳಬೇಕಿತ್ತು!

ಮದುವೆ, ಗೃಹಪ್ರವೇಶ ಬಂತೆಂದರೆ ಸುತ್ತಲಿನ ಹಳ್ಳಿಯವರೆಲ್ಲ ಇಲ್ಲಿಗೇ ಬರುತ್ತಾರೆ. ಉಡುಗೊರೆ ಪಾತ್ರೆಯ ಮೇಲೆ ಹೆಸರು ಕೊರೆಯುವ ಮಿಶನ್ನು ಜಿನೇಶನ ಕೈಯಲ್ಲಿದ್ದರೆ ಅಕ್ಷರ ಸಾಲು ತಪ್ಪುವುದಿಲ್ಲ. ಇಷ್ಟು ಚೆಂದದ ಕೈಯವನು ಸಂಜೆ ಐದಾಯಿತೆಂದರೆ ಮಿಶನ್ನು ಆರಿಸಿ, ಹಿಂದಿನ ಅಂಗಳಕ್ಕೆ ಹೋಗಿ, ಒಂದು ದೊಡ್ಡ ಕಂದು ಚೆಂಡನ್ನು ಗೋಡೆಗೆ ಎಸೆಯುತ್ತ ನಿಲ್ಲುತ್ತಾನೆ. ಗೋಡೆಗೆ ಅನ್ನುವುದು ಪೇಟೆಯವರ ಮಾತು. ಗೋಡೆಯ ಮೇಲೆ ಹತ್ತಡಿ ಎತ್ತರಕ್ಕೆ ಬಿಗಿದ ಒಂದು ಉಕ್ಕಿನ ರಿಂಗ್ ಇದೆ. ನಗ್ಗಿಹೋಗಿ ಯಾರಿಗೂ ಬೇಡವಾದ ಕೊಳಗವೊಂದರ ಬಾಯಿ ಕತ್ತರಿಸಿ ಅವನೇ ಮಾಡಿಕೊಂಡದ್ದು.

ಪಕ್ಕದ ಜೆರಾಕ್ಸ್ ಅಂಗಡಿಯ ಮಂಜುನಾಥಪ್ಪನಿಗೆ ಇದು ಐದು ವರ್ಷದಿಂದ ತಡೆಯಲಾರದ ಸಂಗತಿ.

"ಒಬ್ನೇ ಎಸ್ದು ಒಬ್ನೇ ಹಿಡ್ಕೊಳ್ಳೋದು ಎಂತ ಆಟನೋ ಮಾರಾಯ? ವಾಲಿಬಾಲಿಗೆ ಬಾ. ನೆಟ್ಟಿನ ಹತ್ರ ಕೈ ಎತ್ಕೊಂಡು ಸುಮ್ನೆ ನಿಂತ್ಕೊ, ಉಳಿದದ್ದು ನಾವು ನೋಡ್ಕೊಳ್ತೀವಿ."

ಜಿನೇಶ ನಗುತ್ತಾನೆ. ವಾಲಿಬಾಲಿನ ಮೇಲೆ ಅವನಿಗೆ ಸಿಟ್ಟಿಲ್ಲ. ಈ ಸೀಮೆಯಲ್ಲಿ ಕೊಯ್ಲಾದ ಗದ್ದೆಯೆಲ್ಲ ವಾಲಿಬಾಲ್ ಕೋರ್ಟೇ. ಆದರೆ ಒಂದು ಆಟ ಮನಸ್ಸಿಗೆ ಹತ್ತಿದವನಿಗೆ ಇನ್ನೊಂದು ರುಚಿಸುವುದಿಲ್ಲ. ಅವನಿಗೆ ಹತ್ತಿದ್ದು ಬ್ಯಾಸ್ಕೆಟ್‌ಬಾಲ್, ಅದೂ ಫಿಲಿಪೈನ್ಸಿನವರಿಂದ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವನು ದೋಹಾದ ಒಂದು ದೊಡ್ಡ ಹೋಟೆಲಿನ ಲಾಂಡ್ರಿಗೆ ಕೆಲಸಕ್ಕೆ ಹೋಗಿದ್ದ. ಇರಲಿಕ್ಕೆ ಕೊಟ್ಟ ಕೋಣೆಯಲ್ಲಿ ಅವನು ಒಬ್ಬ, ಫಿಲಿಪೈನ್ಸಿನವರು ಐದು ಜನ. ಮೊದಲ ದಿನ ಒಳಗೆ ಕಾಲಿಟ್ಟಾಗ ಐವರೂ ಊಟ ಬಿಟ್ಟು ಎದ್ದು ನಿಂತರು. ಅವರಲ್ಲೆಲ್ಲ ಗಿಡ್ಡನಾದ ರೊಡೆಲ್ ಎಂಬವನು ಇವನ ಸುತ್ತ ಒಂದು ಸುತ್ತು ಬಂದು, ಗೋಡೆಗೆ ಒರಗಿಸಿ, ತಲೆಯ ಮೇಲೆ ಪೆನ್ಸಿಲಿನಿಂದ ಗೀಟೆಳೆದು, ಟೇಪು ಹಿಡಿದು ಅಳೆದ. ಆಮೇಲೆ ಕೋಣೆಯಲ್ಲಿ ಎದ್ದ ಗದ್ದಲ ಅಷ್ಟಿಷ್ಟಲ್ಲ. ಜಿನೇಶನಿಗೆ ಅರ್ಥವಾದದ್ದು 'ಇಂಪೋರ್ಟ್' ಎಂಬ ಒಂದೇ ಮಾತು.

ಅವರ ದೇಶದ ದೊಡ್ಡ ಪಂದ್ಯಗಳಲ್ಲಿ ಪ್ರತಿ ತಂಡವೂ ಹೊರದೇಶದಿಂದ ಒಬ್ಬ ಉದ್ದನೆಯ ಆಟಗಾರನನ್ನು ತರಿಸಿಕೊಳ್ಳುತ್ತದೆ. ಅವನನ್ನು ಇಂಪೋರ್ಟ್ ಎಂದೇ ಕರೆಯುತ್ತಾರೆ. ಐದೂ ಮುಕ್ಕಾಲು ಅಡಿ ದಾಟದ ಈ ಲಾಂಡ್ರಿ ತಂಡಕ್ಕೆ ದೇವರೇ ಕೋಣೆಯ ಬಾಗಿಲಿಗೆ ಒಬ್ಬನನ್ನು ತಂದು ನಿಲ್ಲಿಸಿದ್ದ.

"ನಂಗೆ ಆಡ್ಲಿಕ್ಕೆ ಬರೋದಿಲ್ಲ," ಎಂದ ಜಿನೇಶ.

"ಅದೊಂದು ವಿಷಯವಾ?" ಎಂದ ರೊಡೆಲ್. "ಆಟ ಕಲಿಸ್ಬಹುದು. ಎತ್ತರ ಕಲಿಸೋಕಾಗುತ್ತಾ?"

ವಾರದೊಳಗೆ ಜಿನೇಶನಿಗೆ ಹದಿಮೂರನೇ ನಂಬರಿನ ಜೆರ್ಸಿ ಬಂತು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಅವನ ಹೆಸರು, ಎದೆಯ ಮೇಲೆ ಅದಕ್ಕಿಂತ ದೊಡ್ಡದಾಗಿ ಖರ್ಚು ಕೊಟ್ಟ ಖಾನಾವಳಿಯ ಹೆಸರು. ಊಟದ ತಟ್ಟೆಯಾದರೂ ಸಾಲ ಇಸಿದುಕೊಂಡದ್ದು ಇರಬಹುದು, ಜೆರ್ಸಿ ಮಾತ್ರ ಪ್ರತಿಯೊಬ್ಬನಿಗೂ ಸ್ವಂತದ್ದು, ಪ್ರತಿ ವರ್ಷ ಹೊಸದು. ಅವರಲ್ಲಿ ಅದೇ ಮರ್ಯಾದೆ.

ಶುಕ್ರವಾರ ರಜೆ. ಗುರುವಾರ ಸಂಜೆಯೇ ಅವರಿಗೆ ಕಾಲು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಐದಕ್ಕೇ ವಾಹನ ನಿಲ್ಲಿಸುವ ಬಯಲಿನಲ್ಲಿ ಸೇರುತ್ತಿದ್ದರು. ಅಡುಗೆಯವನು, ಡ್ರೈವರು, ನರ್ಸಿನ ಗಂಡ, ಆಫೀಸಿನ ಗುಮಾಸ್ತ, ಎಲ್ಲ ಅಲ್ಲಿ ಒಂದೇ. ಹೆಂಗಸರು ಬದಿಯಲ್ಲಿ ಕೂತು ತೀರ್ಪುಗಾರನಿಗೆ ಬೈಯುತ್ತಿದ್ದರು. ಜಿನೇಶ ಮಾಂಸ ಮೀನು ಮುಟ್ಟುವವನಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ, ಸೂರ್ಯ ಮುಳುಗಿದ ಮೇಲೆ ಒಂದಗುಳು ಬಾಯಿಗಿಡುವವನಲ್ಲ. ಐವರೂ ಇದನ್ನು ಎರಡು ದಿನ ಬೆರಗಾಗಿ ನೋಡಿದರು, ಮೂರನೇ ದಿನ ಇವನಿಗೆಂದೇ ಒಂದು ಪಾತ್ರೆ ಬೇರೆ ಇಟ್ಟರು. ಸಂಜೆಯ ಪಂದ್ಯವಿದ್ದರೆ "ಇಂಪೋರ್ಟ್ ಊಟ ಆಯ್ತಾ? ಹೊತ್ತು ಮುಳುಗ್ತಿದೆ!" ಎಂದು ರೊಡೆಲನೇ ಕೂಗುತ್ತಿದ್ದ. ಮನೆಯಲ್ಲಿ ತಾಯಿ ಹಾಗೆ ಕೂಗುತ್ತಿದ್ದಳು. ಅಷ್ಟು ದೂರದಲ್ಲಿ ಅದನ್ನು ಕೇಳಿದ ದಿನ ಜಿನೇಶ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದ.

ರೊಡೆಲ್ ತನ್ನ ಊರಿನ ಸುದ್ದಿ ಹೇಳಲು ಕೂತರೆ ಮುಗಿಯುತ್ತಲೇ ಇರಲಿಲ್ಲ. ಸಮುದ್ರದ ಮಗ್ಗುಲಿನ ಸಣ್ಣ ಊರು. ತೆಂಗಿನ ಮರಕ್ಕೆ ಹಲಗೆ ಬಡಿದು ರಿಂಗ್ ಕಟ್ಟಿಕೊಂಡಿದ್ದರು. ಚಪ್ಪಲಿಯಲ್ಲೇ ಆಟ, ಚಪ್ಪಲಿಯೂ ಇಲ್ಲದವರು ಬರಿಗಾಲಲ್ಲಿ. ಊರ ನಡುವೆ ಮಾಡು ಹಾಕಿಸಿದ ಕೋರ್ಟೊಂದಿತ್ತು. ಕೊಯ್ಲಿನ ಹೊತ್ತಿಗೆ ಅರ್ಧಕ್ಕೆ ಭತ್ತ ಹರವಿ ಉಳಿದರ್ಧದಲ್ಲಿ ಆಡುತ್ತಿದ್ದರು. ಮದುವೆಯ ಊಟ ಅಲ್ಲೇ, ಚುನಾವಣೆಯ ಭಾಷಣ ಅಲ್ಲೇ, ಸತ್ತವರ ಪೆಟ್ಟಿಗೆ ಇಟ್ಟು ಕೂರುವುದೂ ಅಲ್ಲೇ. ಬಿರುಗಾಳಿಗೆ ಊರಿನ ಮಾಡುಗಳೆಲ್ಲ ಹಾರಿಹೋದ ವರ್ಷ, ಜನ ಎಲ್ಲಕ್ಕಿಂತ ಮೊದಲು ರಿಂಗನ್ನು ಎತ್ತಿ ನಿಲ್ಲಿಸಿದರಂತೆ.

"ನಿಮ್ಮಲ್ಲಿ ಎತ್ತರದವರೇ ಇಲ್ವಲ್ಲ, ಈ ಆಟ ಯಾಕೆ ಹಿಡ್ಕೊಂಡ್ರಿ?" ಎಂದು ಜಿನೇಶ ಒಮ್ಮೆ ಕೇಳಿದ.

"ಸಿಕ್ಕೋದನ್ನೇ ಪ್ರೀತಿಸ್ಬೇಕು ಅಂತ ಎಲ್ಲಿ ಬರೆದಿದೆ?" ಎಂದು ರೊಡೆಲ್ ನಕ್ಕ.

ಏಳು ವರ್ಷ ಹೀಗೆ ಕಳೆಯಿತು. ಜಿನೇಶ ಆಟ ಕಲಿತ. ಮಹಾ ಆಟಗಾರನೇನೂ ಆಗಲಿಲ್ಲ, ಆದರೆ ರೊಡೆಲ್ ಎಲ್ಲಿಂದ ಚೆಂಡು ಎಸೆದರೂ ಅದು ಬಂದು ಬೀಳುವ ಜಾಗದಲ್ಲಿ ಅವನ ಕೈ ಇರುತ್ತಿತ್ತು. ತನ್ನನ್ನು ಯಾರೋ ಇಷ್ಟು ಚೆನ್ನಾಗಿ ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬ ಸುಖವನ್ನು ಅವನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಐದು ವರ್ಷದ ಕೆಳಗೆ ಶಾಂತರಾಜರಿಗೆ ಪಾರ್ಶ್ವವಾಯು ಬಡಿಯಿತು. ಜಿನೇಶ ಸಿಕ್ಕ ವಿಮಾನ ಹತ್ತಿ ಬಂದ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, "ಹದಿನೈದು ದಿನ ಕಳೀಲಿ, ಆಮೇಲೆ ಮಾತಾಡೋಣ," ಎಂದಿದ್ದರು. ಅಪ್ಪ ಕಣ್ಣು ಬಿಟ್ಟು ಮಲಗಿದ್ದರು, ಯಾರ ಗುರುತೂ ಇರಲಿಲ್ಲ. ಅದೇ ಹೊತ್ತಿಗೆ ಪಾದಯಾತ್ರೆಯಲ್ಲಿದ್ದ ಮುನಿ ಮಹಾರಾಜರೊಬ್ಬರು ಬಸದಿಯಲ್ಲಿ ಎರಡು ದಿನ ತಂಗಿದರು. ತಾಯಿ ಚಂದ್ರಮತಿ, "ಬಾ ಮಗಾ, ಒಂದು ವ್ರತ ತಗೊಳ್ಳುವಂತೆ. ಅಪ್ಪಯ್ಯಂಗೆ ಒಳ್ಳೇದಾಗ್ಲಿ," ಎಂದು ಕರೆದುಕೊಂಡು ಹೋದಳು.

ಮುನಿಗಳ ಮುಂದೆ ಒಬ್ಬೊಬ್ಬರೇ ವ್ರತ ಹೇಳುತ್ತಿದ್ದರು. ಒಬ್ಬಳು ಬದನೆಕಾಯಿ ಬಿಟ್ಟಳು, ಒಬ್ಬ ಸಿನಿಮಾ ಬಿಟ್ಟ. ದಿಗ್ವ್ರತ ಎಂದು ಒಂದಿದೆ. ನಾಲ್ಕು ದಿಕ್ಕಿಗೂ ಒಂದೊಂದು ಗಡಿ ಹೇಳಿಕೊಂಡು, ಬದುಕಿರುವಷ್ಟು ದಿನ ಅದರಾಚೆ ಹೋಗದಿರುವುದು. ಸಾಗರದ ಹಿರಿಯ ವ್ಯಾಪಾರಿಯೊಬ್ಬರು, "ಭಾರತ ಬಿಟ್ಟು ಹೊರಗೆ ಹೋಗೋದಿಲ್ಲ," ಎಂದು ದಿಗ್ವ್ರತ ತೆಗೆದುಕೊಂಡರು. ಎಪ್ಪತ್ತೆರಡು ವರ್ಷದ ಅವರಿಗೆ ಪಾಸ್‌ಪೋರ್ಟೇ ಇರಲಿಲ್ಲ. ಜನ ತಲೆದೂಗಿದರು. ಎಲ್ಲರೂ ಹೀಗೇ, ಕಾಲು ಚಾಚಲು ಜಾಗ ಬಿಟ್ಟುಕೊಂಡೇ ಗಡಿ ಹೇಳುತ್ತಾರೆ.

ಜಿನೇಶನಿಗೆ ಅದನ್ನು ನೋಡಿ ಮೈ ಉರಿಯಿತು. ಅವನು ವ್ಯಾಪಾರದ ಮನೆಯಲ್ಲಿ ಹುಟ್ಟಿದವನು. ಒಳ್ಳೆ ಪಾತ್ರೆಗೆ ಒಳ್ಳೆ ಬೆಲೆ ಎಂದು ನಂಬಿದವನು. ಕಷ್ಟವೇ ಕೊಡದ ವ್ರತಕ್ಕೆ ಅಪ್ಪನ ಜೀವ ಬರುತ್ತದೆಯೇ? ಅಪ್ಪ ಮೂವತ್ತು ವರ್ಷ ವ್ಯಾನಿನಲ್ಲಿ ಪಾತ್ರೆ ತುಂಬಿಕೊಂಡು ಹೋಗುತ್ತಿದ್ದ ಊರುಗಳು ಅವನ ಬಾಯಿಗೆ ತಾವಾಗಿಯೇ ಬಂದವು.

"ಉತ್ತರಕ್ಕೆ ಸಾಗರ, ಪೂರ್ವಕ್ಕೆ ಆನಂದಪುರ, ದಕ್ಷಿಣಕ್ಕೆ ತೀರ್ಥಹಳ್ಳಿ, ಪಶ್ಚಿಮಕ್ಕೆ ಮಾಸ್ತಿಕಟ್ಟೆ."

ಮುನಿಗಳು ಅವನ ಮುಖವನ್ನೇ ನೋಡಿದರು. "ಯೋಚನೆ ಮಾಡಿ ಹೇಳಪ್ಪ. ಇನ್ನೂ ಚಿಕ್ಕ ಪ್ರಾಯ. ಗಡಿ ಅಗಲವಾಗಿರಲಿ. ವ್ರತ ಅಂದರೆ ಆಸೆ ಕಡಿಮೆ ಮಾಡಿಕೊಳ್ಳೋದು, ವಿಧಿಯ ಹತ್ತಿರ ಚೌಕಾಸಿ ಮಾಡೋದಲ್ಲ."

"ಯೋಚ್ನೆ ಮಾಡಿದೀನಿ," ಎಂದ ಜಿನೇಶ. ಮಾಡಿರಲಿಲ್ಲ. ಚಂದ್ರಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷದಿಂದ ಅತ್ತಳು. ಹತ್ತನೇ ದಿನ ಶಾಂತರಾಜರು, "ಜಿನೇಶ ಬಂದ್ನಾ?" ಎಂದು ತೊದಲಿದರು. ಆಮೇಲೆ ಎದ್ದು ಕೂತರು. ಬಲಗೈ, ಬಲಗಾಲು ಮಾತ್ರ ಬರಲಿಲ್ಲ.

ಡಾಕ್ಟರು ಅದನ್ನು ಮಾತ್ರೆಯ ಗುಣ ಎಂದರು. ಜಿನೇಶನಿಗೆ ಒಳಗೊಳಗೇ ಬೇರೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವನು ತಿಳಿದುಕೊಂಡ. ಅವನ ಸೆರೆಮನೆಗೆ ಬೀಗ ಬಿದ್ದದ್ದು ಬಸದಿಯಲ್ಲಲ್ಲ, ಆ ಹತ್ತನೇ ದಿನ.

ನಾಲ್ಕು ಊರು ಸಾಲದೇ ಎಂದು ಕೇಳಬಹುದು. ಮಲೆನಾಡಿನ ಎಷ್ಟೋ ಅಜ್ಜಿಯಂದಿರು ಅಷ್ಟೂ ನೋಡದೆ ನೆಮ್ಮದಿಯಾಗಿ ಬಾಳಿದ್ದಾರೆ. ಆದರೆ ಅವರು ಗೀಟು ಎಳೆದುಕೊಂಡಿರಲಿಲ್ಲ. ತಂಗಿ ಬ್ರಾಹ್ಮಿಯನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದಾರೆ. ಅವಳ ಮಗುವಿಗೆ ಹೆಸರಿಡುವ ದಿನ ಜಿನೇಶ ಆನಂದಪುರದವರೆಗೆ ವ್ಯಾನು ಓಡಿಸಿ, ತಾಯಿಯನ್ನು ಬಸ್ಸಿಗೆ ಹತ್ತಿಸಿ, ತೊಟ್ಟಿಲಿಗೆಂದು ತಂದ ಬೆಳ್ಳಿ ಬಟ್ಟಲನ್ನು ಕೈಗೆ ಕೊಟ್ಟು ಹಿಂದಿರುಗಿದ. ಹೆಣ್ಣು ನೋಡುವ ಪ್ರಯತ್ನ ಎರಡು ಸಲ ನಡೆಯಿತು. ಕಾರ್ಕಳದವರು, "ಅಳಿಯ ಮಾವನ ಮನೆ ಹೊಸಿಲು ತುಳಿಯೋದೇ ಇಲ್ಲ ಅಂದ್ರೆ ಹೇಗೆ?" ಎಂದು ಫೋನಿನಲ್ಲೇ ಮುಗಿಸಿದರು. ಮೂಡಬಿದ್ರೆಯವರು ಮರ್ಯಾದಸ್ಥರು, ಜಾತಕ ಹೊಂದಲಿಲ್ಲ ಎಂದರು. ಆಮೇಲೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ದಿನಗಳು ಒಂದೇ ಅಚ್ಚಿನವು. ಬೆಳಿಗ್ಗೆ ಅಪ್ಪನ ಸ್ನಾನ. ಸ್ನಾನದ ನಂತರ ಅಂಗಿ ತೊಡಿಸುವ ಸಾಹಸ. ಬಲಗೈ ಮಡಚಿ ಬಿಗಿದುಕೊಂಡಿದೆ. ಅದನ್ನು ಅಂಗಿಯ ತೋಳಿನೊಳಗೆ ತೂರಿಸುವಾಗ ಶಾಂತರಾಜರು ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಾರೆ. ಬನಿಯನ್ ಹಾಕಿ ಬಿಟ್ಟರೆ ಸಾಲದೇ ಎಂದರೆ ಅವರು ಒಪ್ಪುವವರಲ್ಲ. ಐವತ್ತು ವರ್ಷ ಪೇಟೆಯಲ್ಲಿ ಗಲ್ಲಾದ ಮೇಲೆ ಕೂತವರು, ಬನಿಯನ್ನಿನಲ್ಲಿ ಜಗಲಿಗೆ ಬರುತ್ತಾರೆಯೇ? ಹಾಗಾಗಿ ದಿನಾ ಬೆಳಿಗ್ಗೆ ಕಾಲು ಗಂಟೆ ತಾಯಿ ಮಗ ಸೇರಿ ಆ ಕೈಯ ಜೊತೆ ಹೆಣಗಬೇಕು. ಆಮೇಲೆ ಅಂಗಡಿ, ಸಂಜೆ ಚೆಂಡು, ಹೊತ್ತು ಮುಳುಗುವ ಮೊದಲು ಊಟ. ಶುಕ್ರವಾರ ಮಾತ್ರ ದೋಹಾದಿಂದ ವೀಡಿಯೋ ಕಾಲ್ ಬರುತ್ತದೆ. ಅವರು ಫೋನನ್ನು ಕೋರ್ಟಿನ ಬದಿಗೆ ಒರಗಿಸಿಟ್ಟು ಆಡುತ್ತಾರೆ. ಇವನು ಪಾತ್ರೆಗಳ ನಡುವೆ ಕೂತು ನೋಡುತ್ತಾನೆ.

ಅಂಥ ಒಂದು ಶುಕ್ರವಾರ, ಎರಡು ವರ್ಷದ ಕೆಳಗೆ, ಆಟ ನೋಡುತ್ತ ಕೂತಿದ್ದಾಗ ಅವನ ತಲೆಯೊಳಗೆ ಒಂದು ಮಾತು ಬಂತು. ಅಪ್ಪನ ಸಲುವಾಗಿ ತೆಗೆದುಕೊಂಡ ವ್ರತ. ಅಪ್ಪ ಹೋದ ಮೇಲೆ ಯಾರ ಸಲುವಾಗಿ?

ಅಷ್ಟೇ. ಇರುವೆ ಕಚ್ಚಿದಷ್ಟು ಹೊತ್ತು. ಆದರೆ ಅದಾದ ಮೇಲೆ ಬೆಳಿಗ್ಗೆ ಅಪ್ಪನಿಗೆ ಅಂಗಿ ತೊಡಿಸುವಾಗ ಅವರ ಕಣ್ಣು ನೋಡಲು ಅವನಿಗೆ ಆಗುತ್ತಿರಲಿಲ್ಲ. ಅಪ್ಪನಿಗೆ ಕೆಮ್ಮು ಬಂದರೆ ಇವನು ಕೈಯ ಕೆಲಸ ಬಿಟ್ಟು ಓಡಿಬರುತ್ತಿದ್ದ. ತಾನು ಹೆದರಿದ್ದಕ್ಕೋ ಆಸೆಪಟ್ಟದ್ದಕ್ಕೋ ಎಂದು ತಿಳಿಯದೆ ಇನ್ನಷ್ಟು ಹೆದರುತ್ತಿದ್ದ. ಅಪ್ಪ ಬದುಕಲಿ ಎಂದು ಕಟ್ಟಿಕೊಂಡ ಬೇಲಿ, ಅಪ್ಪ ಸಾಯುವುದನ್ನು ಕಾಯುವಂತೆ ಮಾಡಿತಲ್ಲ ಎಂಬ ಸಂಕಟವನ್ನು ಅವನು ಯಾರಿಗೆ ಹೇಳಿಕೊಳ್ಳಬೇಕು?

ಈ ವರ್ಷ ಫೆಬ್ರವರಿಯಲ್ಲಿ ರೊಡೆಲನ ಕಾಲ್ ಮಂಗಳವಾರವೇ ಬಂತು. ಅವನು ನಾಲ್ಕು ತಿಂಗಳ ಹಿಂದೆ ಹೋಟೆಲು ಬಿಟ್ಟು ಸರಕಿನ ಹಡಗೊಂದರಲ್ಲಿ ಅಡುಗೆಯವನಾಗಿ ಸೇರಿದ್ದ.

"ಇಂಪೋರ್ಟ್! ನಮ್ಮ ಹಡಗು ಮಂಗಳೂರಿಗೆ ಬರ್ತಿದೆ. ಇನ್ನು ಹದಿನೈದು ದಿನಕ್ಕೆ. ಬುಧವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನನಗೆ ಹೊರಗೆ ಹೋಗೋಕೆ ಪಾಸು. ಊರು ಬಿಟ್ಟು ದೂರ ಹೋಗೋ ಹಾಗಿಲ್ಲ, ಆದ್ರೆ ಬಂದರಿನ ಹತ್ರ ಒಂದು ಶಾಲೆಯಲ್ಲಿ ರಿಂಗ್ ಇದೆಯಂತೆ. ನೀನು ಬರ್ತೀಯ ತಾನೇ?"

"ಬರ್ತೀನಿ," ಎಂದುಬಿಟ್ಟ ಜಿನೇಶ. ನಾಲಿಗೆ ಅವನ ಅಪ್ಪಣೆ ಕೇಳಲಿಲ್ಲ.

ಫೋನು ಇಟ್ಟ ಮೇಲೆ ದಾರಿ ನೆನಪಾಯಿತು. ಮಂಗಳೂರು ಇರುವುದು ಘಾಟಿಯ ಕೆಳಗೆ. ಮಾಸ್ತಿಕಟ್ಟೆ ದಾಟಬೇಕು. ವ್ರತದ ಸಂಗತಿಯನ್ನು ಅವನು ರೊಡೆಲನಿಗೆ ಹೇಳಿಯೇ ಇರಲಿಲ್ಲ, ಅಪ್ಪನಿಗೆ ಹುಷಾರಿಲ್ಲ, ಬಿಟ್ಟು ಬರಲಾಗದು ಎಂದಷ್ಟೇ ಹೇಳುತ್ತ ಬಂದಿದ್ದ.

ಎರಡು ವಾರ ಅವನು ಹೆಸರು ಕೊರೆದ ಪಾತ್ರೆಗಳಲ್ಲಿ ನಾಲ್ಕು ತಪ್ಪಾದವು. ಬಸದಿಯ ಪೂಜೆ ಮಾಡುವ ಇಂದ್ರರ ಹತ್ತಿರ ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ. "ತಪ್ಪಿ ದಾಟಿದ್ರೆ ಪ್ರಾಯಶ್ಚಿತ್ತ ಇದೆ. ಗುರುಗಳ ಮುಂದೆ ಒಪ್ಕೊಂಡು ಉಪವಾಸ ಮಾಡ್ಬಹುದು," ಎಂದರು ಅವರು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ದಾಟೋಕೆ ಮೊದ್ಲೇ ಪ್ರಾಯಶ್ಚಿತ್ತ ವಿಚಾರಿಸೋದು ಮಾತ್ರ ಸ್ವಲ್ಪ ಹೊಸದು ಜಿನೇಶಣ್ಣ," ಎಂದು ನಕ್ಕರು.

ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಂದು ದಿನ ಹೋಗಿ ಬಂದು ಉಪವಾಸ ಕೂತರೆ ಧರ್ಮ ಅವನನ್ನು ಕ್ಷಮಿಸುತ್ತಿತ್ತು. ಅವನೇ ತನ್ನನ್ನು ಕ್ಷಮಿಸುತ್ತಾನೆಯೇ ಎಂಬುದು ಬೇರೆ ಮಾತು.

ಬುಧವಾರ ಬೆಳಗಿನ ಜಾವ ಅಪ್ಪನ ಸ್ನಾನ, ಅಂಗಿ ಮುಗಿಸಿ, "ಮಾಸ್ತಿಕಟ್ಟೆ ಕಡೆ ಒಂದು ಆರ್ಡರ್ ಇದೆ ಅಮ್ಮ, ಬರೋದು ಸಂಜೆ ಆಗ್ಬಹುದು," ಎಂದ. ಚಂದ್ರಮತಿ ಡಬ್ಬಿಗೆ ಅವಲಕ್ಕಿ ಹಾಕಿಕೊಟ್ಟಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಆರ್ಡರಿನ ಪಾತ್ರೆ ಇರಲಿಲ್ಲ, ಕಂದು ಚೆಂಡು ಇತ್ತು. ಅವಳು ಅದನ್ನು ನೋಡಿದಳೋ ಇಲ್ಲವೋ, ಏನೂ ಕೇಳಲಿಲ್ಲ.

ಮಾಸ್ತಿಕಟ್ಟೆಗೆ ಬಂದಾಗ ಏಳೂವರೆ. ಊರಿನ ಕೊನೆಯಲ್ಲಿ ಗುತ್ಯಮ್ಮನ ಚಹಾ ಹೋಟೆಲು. ಅದರ ಮುಂದೆ ರಸ್ತೆ ಘಾಟಿಯ ಕಡೆ ತಿರುಗುತ್ತದೆ. ಜಿನೇಶ ವ್ಯಾನು ನಿಲ್ಲಿಸಿದ, ಎಂಜಿನ್ ಆರಿಸಲಿಲ್ಲ. ಹೀಗೆಯೇ ಹೊರಟರೆ ಹನ್ನೊಂದೂವರೆಗೆ ಬಂದರು. ಎರಡು ಗಂಟೆ ಆಟ. ಸಂಜೆಗೆ ಮನೆ.

ಐದು ನಿಮಿಷದ ಮೇಲೆ ಎಂಜಿನ್ ಆರಿಸಿ ಕೆಳಗಿಳಿದು ಚಹಾ ಹೇಳಿದ.

"ಗುತ್ಯಮ್ಮ, ಮಾಸ್ತಿಕಟ್ಟೆ ಎಲ್ಲಿಗೆ ಮುಗೀತದೆ?"

"ಮುಗ್ಯೋದಾ?" ಎಂದಳು ಗುತ್ಯಮ್ಮ ಲೋಟ ತೊಳೆಯುತ್ತ. "ಅದನ್ಯಾರು ಅಳ್ದಿದಾರೆ ಮಾರಾಯ್ರಾ? ಹೋಗೋರಿಗೆ ಮುಂದೂ ರಸ್ತೆ ಐತಲ್ಲ."

ಅವನಿಗೆ ಅದೂ ಒಂದು ಆಸರೆಯಾಯಿತು. ವ್ರತ ಹೇಳುವಾಗ ಊರಿನ ಹೆಸರು ಹೇಳಿದ್ದನೇ ಹೊರತು ಮೈಲಿಗಲ್ಲು ಹೇಳಿರಲಿಲ್ಲ. ಹೋಟೆಲಿನಿಂದ ಹತ್ತು ಹೆಜ್ಜೆ ನಡೆದ. ಇದಿನ್ನೂ ಮಾಸ್ತಿಕಟ್ಟೆಯೇ. ಇನ್ನೂ ಇಪ್ಪತ್ತು ಹೆಜ್ಜೆ. ಇದೂ. ತಿರುವಿನ ಹತ್ತಿರ ನಿಂತ. ಅಲ್ಲಿಂದ ಮುಂದೆ ಕಾಡು, ಕೆಳಗೆ ಹೋಗುವ ರಸ್ತೆ. ಇನ್ನೊಂದು ಹೆಜ್ಜೆ ಇಟ್ಟರೆ ಯಾರೂ ಸೀಟಿ ಊದುತ್ತಿರಲಿಲ್ಲ.

ಆಗ ಆ ಹಳೆಯ ಮಾತು ಮತ್ತೆ ಬಂತು. ಅಪ್ಪ ಹೋದ ಮೇಲೆ. ಈ ಸಲ ಅದು ಕಚ್ಚಿ ಹೋಗಲಿಲ್ಲ, ಎದುರಿಗೆ ನಿಂತಿತು. ಇವತ್ತು ದಾಟಿ, ಇವತ್ತೇ ಅಪ್ಪನಿಗೆ ಏನಾದರೂ ಆದರೆ, ಅದು ತಾನು ಕೇಳಿಕೊಂಡದ್ದೇ ಆಗುತ್ತದೆ. ಜಗತ್ತಿನಲ್ಲಿ ಬೇರೆ ಯಾರಿಗೂ ಗೊತ್ತಾಗುವುದಿಲ್ಲ, ತನಗೆ ಗೊತ್ತಿರುತ್ತದೆ. ಅವನು ಫೋನು ತೆಗೆದು ಮನೆಗೆ ಮಾಡಿದ.

"ಅಪ್ಪಯ್ಯ ಎಂತ ಮಾಡ್ತಿದಾರೆ?"

"ಗಂಜಿ ಕುಡ್ದು ಪೇಪರ್ ನೋಡ್ತಿದಾರೆ. ಎಂತಕ್ಕೆ?"

"ಸುಮ್ನೆ."

ಹಿಂದಿರುಗಿ ಬಂದು ಬೆಂಚಿನ ಮೇಲೆ ಕೂತ. ಒಂಬತ್ತಾಯಿತು, ಒಂಬತ್ತೂವರೆ ಆಯಿತು. ರೊಡೆಲ್ ಶಾಲೆಯ ರಿಂಗಿನ ಫೋಟೋ ಕಳಿಸಿದ. ಆಮೇಲೆ ತನ್ನ ಕಾಲಿನ ಹೊಸ ಬೂಟಿನ ಫೋಟೋ. ಜಿನೇಶ ಕಾಲ್ ಮಾಡಿದ. ಐದು ವರ್ಷ ಹೇಳದ್ದನ್ನು ಅರ್ಧ ಗಂಟೆಯಲ್ಲಿ ಹೇಳಿದ. ವ್ರತ, ನಾಲ್ಕು ಊರು, ಈ ಚಹಾ ಹೋಟೆಲು, ಆ ತಿರುವು. ಅಪ್ಪನ ಬಗ್ಗೆ ಮನಸ್ಸಿಗೆ ಬಂದ ಮಾತೊಂದನ್ನು ಬಿಟ್ಟು ಎಲ್ಲ.

ನಗುತ್ತಾನೇನೋ, ಬೈಯುತ್ತಾನೇನೋ ಎಂದು ಜಿನೇಶ ಕಾದ.

"ನನ್ನ ಪಾಸಿನಲ್ಲೂ ಹೀಗೇ ಬರೆದಿದೆ," ಎಂದ ರೊಡೆಲ್. "ಇಲ್ಲಿಂದ ಇಲ್ಲಿಗೆ ಅಂತ. ನನಗೆ ಸಂಜೆ ನಾಲ್ಕಕ್ಕೆ ಮುಗಿಯುತ್ತೆ. ನಿಂದು?"

ಜಿನೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಸರಿ, ಅಳಬೇಡ. ಇಲ್ಲಿಂದ ನೀನಿರೋ ಕಡೆಗೆ ಬಸ್ಸಿದೆಯಾ?"

ಬಸ್ಸಿತ್ತು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಬಸ್ಸೇ ಅಂಚೆ. ಔಷಧಿ, ಮೀನು, ಮದುವೆ ಕಾಗದ, ಮರೆತು ಬಂದ ಕನ್ನಡಕ, ಎಲ್ಲ ಕಂಡಕ್ಟರ ಕೈಯಲ್ಲಿ ಏರಿ ಇಳಿಯುತ್ತವೆ. ರೊಡೆಲ್ ಆಟೋ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ, ಶಿವಮೊಗ್ಗದ ಬಸ್ಸಿನ ಕಂಡಕ್ಟರಿಗೆ ಫೋನು ಕೊಟ್ಟ. ರೊಡೆಲ್ ಕೊಡುವ ಚೀಲವನ್ನು ಮಾಸ್ತಿಕಟ್ಟೆಯಲ್ಲಿ ಇಳಿಸಿ ಎಂದು ಜಿನೇಶ ಇಲ್ಲಿಂದ ಹೇಳಿದ.

ಮಧ್ಯಾಹ್ನವೆಲ್ಲ ಅವನು ಆ ಬೆಂಚಿನಲ್ಲೇ ಇದ್ದ. ಗುತ್ಯಮ್ಮ ಎರಡು ಸಲ ಊಟಕ್ಕೆ ಕರೆದು, "ಯಾರು ಬರೋದಿತ್ತಾ?" ಎಂದು ಕೇಳಿದಳು. "ಬರೋದು ನಂದೇ ಇತ್ತು," ಎಂದ. ಅವಳು ಇನ್ನೊಂದು ಚಹಾ ಇಟ್ಟು ಹೋದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬಸ್ಸು ತಿರುವಿನಿಂದ ಮೇಲೆ ಬಂತು. ಅವನು ಇಳಿಯಲಾರದ ರಸ್ತೆಯನ್ನು ಅದು ಏದುಸಿರು ಬಿಡುತ್ತ ಹತ್ತಿ ಬಂದು ನಿಂತಿತು. ಕಂಡಕ್ಟರು ಕನ್ನಪ್ಪ ಒಂದು ನೀಲಿ ಚೀಲ ಹಿಡಿದು ಇಳಿದ.

"ನಿಮ್ದಾ ಇದು? ಒಳ್ಳೆ ಮನುಷ್ಯ ಮಾರಾಯ್ರೆ! ಪಾರ್ಸೆಲ್ಲಿಗೆ ಇಷ್ಟು ಕೊಡಿ ಸಾಕು ಅಂದ್ರೆ ಕೇಳ್ಳಿಲ್ಲ. ಫುಲ್ ಟಿಕೆಟ್ ತಗೊಂಡು, ಕಿಟಕಿ ಸೀಟಲ್ಲಿ ಇಟ್ಟು, ಬಸ್ಸು ಹೊರಡೋವರ್ಗೂ ಅಲ್ಲೇ ನಿಂತಿದ್ದ. ದಾರಿಯಲ್ಲಿ ಇಬ್ರು ಕೂರ್ತೀವಿ ಅಂದ್ರು, ನಾ ಬಿಡ್ಲಿಲ್ಲ."

ವ್ಯಾನಿನೊಳಗೆ ಕೂತು ಬಾಗಿಲು ಹಾಕಿಕೊಂಡು ಜಿನೇಶ ಚೀಲ ಬಿಚ್ಚಿದ. ಒಳಗೆ ಪ್ಲಾಸ್ಟಿಕ್ ಸುತ್ತಿದ ಐದು ಜೆರ್ಸಿಗಳು. ಹಸಿರು, ಕೆಂಪು, ಬಿಳಿ, ನೇರಳೆ, ಹಳದಿ. ಎದೆಯ ಮೇಲೆ ಒಂದೊಂದು ವರ್ಷಕ್ಕೆ ಒಂದೊಂದು ಖಾನಾವಳಿ. ಬೆನ್ನ ಮೇಲೆ ಐದರಲ್ಲೂ ಒಂದೇ ಹೆಸರು, ಒಂದೇ ನಂಬರು. ಅವನು ಹೋದ ಮೇಲೆ ಐದು ವರ್ಷವೂ ತಂಡದ ಲೆಕ್ಕದಲ್ಲಿ ಅವನಿದ್ದ. ಐದು ವರ್ಷವೂ ಅವನಿಗೆಂದು ಹೊಲಿಸಿ, ಐದು ವರ್ಷವೂ ಹದಿಮೂರನೇ ನಂಬರನ್ನು ಬೇರೆ ಯಾರಿಗೂ ಕೊಡದೆ ಆಡಿದ್ದರು. ಮೇಲಿನದರ ಜೇಬಿನಂತೆ ಮಡಚಿದ ಅಂಚಿನಲ್ಲಿ ಒಂದು ಚೀಟಿ. 'ಸೈಜು ಬದಲಾಗಿಲ್ಲ ಅಂದುಕೊಂಡಿದ್ದೇನೆ.'

ಜಿನೇಶ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಗುತ್ಯಮ್ಮ ಹೋಟೆಲಿನಿಂದ ನೋಡಿದಳು, ಹತ್ತಿರ ಬರಲಿಲ್ಲ.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಜಗಲಿಯಲ್ಲಿ ಚಂದ್ರಮತಿ ಒಬ್ಬಳೇ ಗಂಡನ ಜೊತೆ ಹೆಣಗುತ್ತಿದ್ದಳು. ಅಂಗಿಗೆ ಗಂಜಿ ಚೆಲ್ಲಿಕೊಂಡು ಬದಲಿಸಬೇಕಾಗಿತ್ತು. ಒದ್ದೆ ಅಂಗಿ ಹೇಗೋ ಬಂದಿತ್ತು, ಹೊಸದರೊಳಗೆ ಬಲಗೈ ಹೋಗುತ್ತಿರಲಿಲ್ಲ. ಶಾಂತರಾಜರ ಕಣ್ಣಲ್ಲಿ ನೀರು ಬಂದಿತ್ತು.

"ಬಂದ್ಯಾ? ಬಾ ಮಗಾ, ಕೈ ಹಿಡಿ," ಎಂದವಳು ಅವನ ಕೈಯ ಚೀಲ ನೋಡಿದಳು. "ಎಂತ ಅದು?"

"ರೊಡೆಲ್ ಕಳಿಸಿದ್ದು. ನನ್ನ ಆಟದ ಅಂಗಿ."

ಚಂದ್ರಮತಿ ಮೇಲಿನ ಹಳದಿಯದನ್ನು ತೆಗೆದು ಬಿಡಿಸಿದಳು. ತೋಳಿಲ್ಲ. ಕಂಕುಳ ಹತ್ತಿರ ಮೊರದಷ್ಟು ಅಗಲದ ಕಂಡಿ. ಬಟ್ಟೆ ಎಳೆದರೆ ಹಿಗ್ಗುತ್ತದೆ. ಅವಳು ಒಂದು ಕ್ಷಣ ಅದನ್ನು ನೋಡಿದಳು, ಗಂಡನ ಮಡಚಿದ ಕೈ ನೋಡಿದಳು. ಮಗ ಏನಾದರೂ ಹೇಳುವ ಮೊದಲೇ ಅದನ್ನು ಶಾಂತರಾಜರ ತಲೆಯ ಮೇಲಿಂದ ಇಳಿಸಿದ್ದಳು. ಬಲಗೈ ಸರಕ್ಕನೆ ಒಳಗೆ ಹೋಯಿತು. ಹಲ್ಲು ಕಚ್ಚಲಿಲ್ಲ, ಕಣ್ಣು ಮುಚ್ಚಲಿಲ್ಲ. ಐದು ವರ್ಷದಲ್ಲಿ ಮೊದಲ ಸಲ ಅಂಗಿ ತೊಡುವುದು ಅಷ್ಟು ಸುಲಭವಾಗಿ ಮುಗಿಯಿತು.

ಶಾಂತರಾಜರು ಎದೆಯ ಮೇಲಿನ ಅಕ್ಷರಗಳನ್ನು ಎಡಗೈಯಿಂದ ಸವರಿ ನೋಡಿದರು. ಮೊಣಕಾಲಿನವರೆಗೆ ಇಳಿದಿತ್ತು, ಆದರೂ ಅದು ಬನಿಯನ್ ಅಲ್ಲ. ಅವರಿಗೆ ಅಷ್ಟು ಸಾಕಾಯಿತು.

"ನಿಂದ...ಲ್ವಾ?" ಎಂದು ತೊದಲಿದರು.

"ನಿಮ್ಗೇ ಇರ್ಲಿ ಅಪ್ಪಯ್ಯ."

"ಹಾಯಾ...ಗಿದೆ," ಎಂದರು ಅವರು. ಸೊಟ್ಟಗಾದ ಬಾಯಿಯ ಒಂದು ಕಡೆಯಿಂದ ನಕ್ಕರು.

ಚಂದ್ರಮತಿಯ ಸಂತೋಷಕ್ಕೆ ಮೇರೆಯಿಲ್ಲ. ಉಳಿದ ನಾಲ್ಕನ್ನೂ ಎಣಿಸಿ ಮಡಚಿ ಗಂಡನ ಬಟ್ಟೆಯ ಕಪಾಟಿಗೆ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, "ದಿನಾ ಒಗ್ದು ಹಾಕ್ಲಿಕ್ಕೆ ಇಂಥದ್ದು ಇನ್ನೊಂದೆರಡು ಇದ್ರೆ ಚೊಲೋ ಇತ್ತು. ಅವ್ನಿಗೆ ಹೇಳೋ, ಪುಣ್ಯಾತ್ಮ, ಕಳಿಸಿಯಾನು," ಎಂದಳು.

"ಹೇಳೋದು ಬೇಡ ಅಮ್ಮ. ವರ್ಷಕ್ಕೊಂದು ಬರ್ತದೆ," ಎಂದ ಜಿನೇಶ.

ಕುರ್ಚಿಯ ಹಿಂದೆ ಬಗ್ಗಿ, ಅಪ್ಪನ ಬೆನ್ನ ಮೇಲೆ ಸುಕ್ಕಾಗಿದ್ದ ತನ್ನ ಹೆಸರನ್ನು ಎಳೆದು ಸರಿಮಾಡಿದ.